ಐದು ವರ್ಷ ಕೈಯಲ್ಲಿದ್ದ ಡೈವ್ ಕಂಪ್ಯೂಟರ್: ಎಲ್ಲ ಚೆನ್ನ, ಬ್ಯಾಟರಿ ಗುರುತು ಮಾತ್ರ ಸುಳ್ಳುಬುರುಕ

ಡೈವ್ ಕಂಪ್ಯೂಟರ್ ಅಂದರೆ ನೀರಿನಡಿ ಇನ್ನೆಷ್ಟು ನಿಮಿಷ ಇರಬಹುದು ಅಂತ ಹೇಳುವ, ಕೈಗೆ ಕಟ್ಟುವ ಯಂತ್ರ. ನನ್ನದಕ್ಕೆ ಐದು ವರ್ಷದಲ್ಲಿ ಇನ್ನೂರು ಚಿಲ್ಲರೆ ಡೈವ್ ಆಯ್ತು. ಸ್ಕ್ರೀನ್ ಎಷ್ಟು ದೊಡ್ಡದು, ಎಷ್ಟು ಮೋಡ್ ಇದೆ ಅನ್ನೋದೆಲ್ಲ ಡಬ್ಬಿಯ ಮೇಲೇ ಇದೆ, ಬಿಡಿ.

ನಾನು ಡೈವಿಂಗ್ ಕಲಿತದ್ದು ಟೇಬಲ್ ನೋಡಿಕೊಂಡು, ಅಂದರೆ ಯಾವ ಆಳದಲ್ಲಿ ಹೆಚ್ಚೆಂದರೆ ಎಷ್ಟು ನಿಮಿಷ ಇರಬಹುದು ಅನ್ನೋ ಪಟ್ಟಿ. ಪ್ಯಾಡಿ (ಡೈವಿಂಗ್ ಕಲಿಸುವ ಸಂಸ್ಥೆ) ಟೇಬಲ್‌ನಲ್ಲಿ 18 ಮೀಟರ್‌ಗೆ 56 ನಿಮಿಷ, 30 ಮೀಟರ್‌ಗೆ 20 ನಿಮಿಷ. ಆಮೆಯ ಹಿಂದೆ ಎರಡೇ ನಿಮಿಷ 30 ಮೀಟರ್‌ಗೆ ಇಳಿದು, ಉಳಿದ ಹೊತ್ತೆಲ್ಲ 12ರಲ್ಲಿ ಕಳೆದರೂ ಟೇಬಲ್ ಪ್ರಕಾರ ಇಡೀ ಡೈವ್ 30 ಮೀಟರಿನದೇ. ಕಂಪ್ಯೂಟರ್ ಹಾಗಲ್ಲ. ಕೆಲವು ಸೆಕೆಂಡಿಗೊಮ್ಮೆ ನೀರಿನ ಒತ್ತಡ ನೋಡಿ, ಮೈಗೆ ಎಷ್ಟು ನೈಟ್ರೋಜನ್ ಸೇರಿತು, ಎಷ್ಟು ಹೊರಗೆ ಹೋಯಿತು ಅಂತ ಲೆಕ್ಕ ಇಡುತ್ತದೆ. ನಾಲ್ಕು ಮೀಟರ್ ಮೇಲೆ ಬಂದರೆ ಸಾಕು, ಉಳಿದ ನಿಮಿಷಗಳ ಸಂಖ್ಯೆ ಸರಸರ ಏರುತ್ತದೆ. ಅದನ್ನು ನೋಡೋದೇ ಒಂದು ಖುಷಿ.

ನೀರಿಗಿಳಿಯುವ ಮೊದಲು ದೋಣಿಯಲ್ಲಿ ಕೂತು ಪ್ಲಾನ್ ಮೋಡ್ ತೆಗೆಯುತ್ತೇನೆ. ಬಟನ್ ಒತ್ತುತ್ತಾ ಹೋದರೆ 15, 18, 21 ಮೀಟರ್, ಒಂದೊಂದರ ಪಕ್ಕದಲ್ಲೂ ಎಷ್ಟು ನಿಮಿಷ ಅಂತ. ಎರಡನೇ ಡೈವ್‌ಗೆ ಅದೇ ಆಳಕ್ಕೆ ನಿಮಿಷ ಕಡಿಮೆ, ಮೈಯಲ್ಲಿ ನೈಟ್ರೋಜನ್‌ನ ಹಳೇ ಬಾಕಿ ಇರುತ್ತದಲ್ವಾ. ಬಡ್ಡಿಯ (ಜೋಡಿಯಾಗಿ ನೀರಿಗಿಳಿಯುವ ಸಂಗಾತಿ, ಸಾಲದ ಬಡ್ಡಿಯಲ್ಲ) ಕಂಪ್ಯೂಟರ್ ಜೊತೆ ಹೋಲಿಸಿ, ಯಾವುದು ಕಡಿಮೆ ತೋರಿಸುತ್ತದೋ ಅದನ್ನೇ ಇಬ್ಬರೂ ಹಿಡಿಯುತ್ತೇವೆ. ಸಂಜೆ ಸಿಹಿನೀರಲ್ಲಿ ನೆನೆಸಿಟ್ಟು, ಹಳೇ ಟೂತ್‌ಬ್ರಷ್‌ನಿಂದ ಬಟನ್ ಸಂದು ಮೆಲ್ಲಗೆ ಉಜ್ಜುತ್ತೇನೆ. ಉಪ್ಪು ಕೂತರೆ ಬಟನ್ ಕಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ಮುದ್ದು ಮಾಡಿದ್ದಕ್ಕೆ ಅದು ಕೊಟ್ಟ ಬಹುಮಾನ ಕೇಳಿ.

ಕಳೆದ ವರ್ಷದ ಪ್ರವಾಸ, ಮೂರನೇ ದಿನದ ಎರಡನೇ ಡೈವ್. ದೋಣಿಯಲ್ಲಿ ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ತೋರಿಸುತ್ತಿತ್ತು. ಕೆಳಗೆ ನೀರು ತಣ್ಣಗಿತ್ತು. ಬಂಡೆಯ ಸಂದಿನಲ್ಲಿ ಕತ್ತಲು ಅಂತ ಬ್ಯಾಕ್‌ಲೈಟ್ ಒತ್ತಿದೆ. ಸ್ಕ್ರೀನ್ ಒಮ್ಮೆ ಮಿನುಗಿ ಆರಿಹೋಯಿತು. ಚಳಿಗೆ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಲೈಟ್ ಅದನ್ನು ಇನ್ನಷ್ಟು ಎಳೆಯುತ್ತದೆ. ಸರಿ, ಆದರೆ ಈ ಮಾತು ಆ ಗುರುತಿಗೂ ಗೊತ್ತಿರಬೇಕಲ್ಲ?

ಮೇಲೆ ಹೋಗೋಣ ಅಂತ ಬಡ್ಡಿಗೆ ಹೆಬ್ಬೆರಳು ತೋರಿಸಿ, ಅವನ ಪಕ್ಕದಲ್ಲೇ ನಿಧಾನಕ್ಕೆ ಮೇಲೆ ಬಂದೆ. 5 ಮೀಟರ್‌ನಲ್ಲಿ, ಸುರಕ್ಷತೆಗೆ ಅಂತ ಯಾವಾಗಲೂ ನಿಲ್ಲುವ 3 ನಿಮಿಷದ ಬದಲು 5 ನಿಮಿಷ ನಿಂತೆವು. ಏನೂ ಆಗಲಿಲ್ಲ. ಹೊಟ್ಟೆ ಉರಿದದ್ದು ಆಮೇಲೆ. ದೋಣಿಯಲ್ಲಿ ಇನ್ನೊಂದು ಕಂಪ್ಯೂಟರ್ ಇತ್ತು, ಕೊಡುತ್ತೇವೆ ಅಂದರು. ಕಟ್ಟಿಕೊಂಡು ಏನು ಮಾಡಲಿ? ಮೂರು ದಿನದ ನನ್ನ ನೈಟ್ರೋಜನ್ ಬಾಕಿ ಅದಕ್ಕೆ ಗೊತ್ತಿಲ್ಲ. ಅದರ ಪಾಲಿಗೆ ನಾನು ಆಗಷ್ಟೇ ಬಂದ ಹೊಸಬ. ಆ ಬಾಕಿ ಇಳಿಯಲಿ ಅಂತ 24 ಗಂಟೆ ನೀರಿಗಿಳಿಯದೆ ಸುಮ್ನೆ ಕೂತೆ. ಉಳಿದವರು ಮ್ಯಾಂಟಾ ರೇ ಅನ್ನೋ ದೊಡ್ಡ ಮೀನು ನೋಡಿ ಬಂದು ಊಟದ ಹೊತ್ತಿನಲ್ಲಿ ಬೇರೆ ಮಾತೇ ಆಡಲಿಲ್ಲ.

ಈಗ ಪ್ರತಿ ಪ್ರವಾಸಕ್ಕೆ ಮುಂಚೆ ಮನೆಯಲ್ಲೇ ಹೊಸ ಬ್ಯಾಟರಿ ಹಾಕುತ್ತೇನೆ, ಗುರುತು ಏನೇ ಹೇಳಲಿ. ಮುಚ್ಚಳದ ಓ-ರಿಂಗ್‌ಗೆ (ನೀರು ತಡೆಯುವ ರಬ್ಬರ್ ಬಳೆ) ಒಂದು ಕೂದಲು ಅಂಟಿದರೂ ನೀರು ಒಳಗೆ ಬರುತ್ತದೆ, ಹಾಗಾಗಿ ಬೆಳಕಿಗೆ ಹಿಡಿದು ನೋಡಿಯೇ ಮುಚ್ಚಳ ತಿರುಗಿಸುವುದು. ಪ್ರವಾಸದ ಮಧ್ಯೆ ಬ್ಯಾಟರಿ ಬದಲಿಸುವ ಹಾಗೂ ಇಲ್ಲ, ನನ್ನ ಮಾಡೆಲ್‌ನಲ್ಲಿ ಬ್ಯಾಟರಿ ತೆಗೆದರೆ ಬಾಕಿ ಲೆಕ್ಕವೂ ಅಳಿಸಿಹೋಗುತ್ತದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ವರ್ಷಕ್ಕೆ ಒಂದು ಪ್ರವಾಸ ಮಾಡುವವರಿಗೆ ಇದು ಧಾರಾಳ ಸಾಕು. ದಿನಕ್ಕೆ ಮೂರ್ನಾಲ್ಕು ಡೈವ್ ಮಾಡುವವರು ಎರಡು ಕಂಪ್ಯೂಟರ್ ಕಟ್ಟಿಕೊಳ್ಳಿ, ಎರಡನ್ನೂ ಮೊದಲ ಡೈವ್‌ನಿಂದಲೇ. ನನ್ನ ಎರಡನೆಯದಕ್ಕೆ ದುಡ್ಡು ಇನ್ನೂ ಕೂಡುತ್ತಿದೆ.