ಲೇಸಿಕ್ ಮಾಡಿಸೋ ಮುಂಚೆ ಕಣ್ಣೀರು ಪರೀಕ್ಷೆ ಮಾಡಿಸಿಕೊಳ್ಳಿ

ಕನ್ನಡಕ ಬೇಡವಾಗುವಂತೆ ಲೇಸರ್‌ನಿಂದ ಕಣ್ಣಿನ ಪವರ್ ಸರಿಮಾಡುವ ಲೇಸಿಕ್ ಆಪರೇಷನ್ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಕಣ್ಣು ಎಷ್ಟು ಒಣಗಿದೆ ಅಂತ ನೋಡದೆ ಆಪರೇಷನ್‌ಗೆ ದಿನ ಗೊತ್ತು ಮಾಡುವ ಆಸ್ಪತ್ರೆಯಿಂದ ಸುಮ್ನೆ ಎದ್ದು ಬನ್ನಿ.

ನನ್ನ ಪವರ್ ಮೈನಸ್ 5 ಇತ್ತು. ವರ್ಷಗಟ್ಟಲೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿದ್ದರಿಂದ ಸಂಜೆಯಾದರೆ ಕಣ್ಣು ಉರಿ. ಅದನ್ನು ಹೇಳಿಯೂ ಇದ್ದೆ. "ಲೆನ್ಸ್ ಹಾಕೋರಿಗೆಲ್ಲ ಹಾಗೇ ಮೇಡಂ, ಆಮೇಲೆ ಲೆನ್ಸೇ ಬೇಡವಲ್ಲ" ಅಂತ ಕೌನ್ಸೆಲರ್ ನಕ್ಕರು. ಇವರು ಡಾಕ್ಟರ್ ಅಲ್ಲ, ಪ್ಯಾಕೇಜ್ ವಿವರಿಸುವವರು. ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ದಪ್ಪ ಚೆನ್ನಾಗಿದೆ ಅಂದರು, ಅಲ್ಲಿಗೆ ಮುಗಿಯಿತು.

ಆಪರೇಷನ್ ಆದ ಮರುದಿನ ಚಾರ್ಟಿನ ಕೊನೇ ಸಾಲು ಸಲೀಸಾಗಿ ಓದಿದೆ. ಫಜೀತಿ ಶುರುವಾಗಿದ್ದು ಆಮೇಲೆ. ಬೆಳಿಗ್ಗೆ ಎದ್ದರೆ ರೆಪ್ಪೆ ಕಣ್ಣುಗುಡ್ಡೆಗೆ ಅಂಟಿಕೊಂಡಿರುತ್ತಿತ್ತು. ಡ್ರಾಪ್ಸ್ ಹಾಕಿ, ಕಾದು, ಮೆಲ್ಲಗೆ ತೆರೆಯಬೇಕು. ಕಂಪ್ಯೂಟರ್ ಮುಂದೆ ಕೂತರೆ ಅಕ್ಷರ ಮಸುಕು. ಪಿಳಿಪಿಳಿ ಕಣ್ಣು ಬಡಿದರೆ ಸರಿಹೋಗುತ್ತಿತ್ತು, ಒಂದೆರಡು ಸಾಲು ಓದುವಷ್ಟರಲ್ಲಿ ಮತ್ತೆ ಮಸುಕು.

ಕಾರಣ ಬಿಡಿಸಿ ಹೇಳಿದ್ದು ಬೇರೊಬ್ಬ ಡಾಕ್ಟರ್. ಲೇಸಿಕ್‌ನಲ್ಲಿ ಕಾರ್ನಿಯಾದ ಮೇಲ್ಪದರ ಕೊಯ್ದು ಮುಚ್ಚಳದ ಹಾಗೆ ಎತ್ತುತ್ತಾರೆ. ಅದೇ ಫ್ಲ್ಯಾಪ್. ಕೊಯ್ಯುವಾಗ ಅಲ್ಲಿನ ನರಗಳೂ ತುಂಡಾಗುತ್ತವೆ. ಕಣ್ಣು ಒಣಗುತ್ತಿದೆ ಅಂತ ಮಿದುಳಿಗೆ ಸುದ್ದಿ ಮುಟ್ಟಿಸುವುದು ಆ ನರಗಳೇ. ಸುದ್ದಿ ಹೋಗದಿದ್ದರೆ ಕಣ್ಣೀರೂ ಕಮ್ಮಿ, ರೆಪ್ಪೆ ಬಡಿಯುವುದೂ ಕಮ್ಮಿ. ನರ ಮತ್ತೆ ಬೆಳೆಯುತ್ತದೆ, ಜಾಸ್ತಿ ಜನಕ್ಕೆ 6ರಿಂದ 12 ತಿಂಗಳಲ್ಲಿ ಆರಾಮಾಗುತ್ತದೆ. ಮೊದಲೇ ಒಣಗಿದ ಕಣ್ಣಿದ್ದವರಿಗೆ ಪಾಡು ಜಾಸ್ತಿ.

ಇದನ್ನು ಮುಂಚೆಯೇ ತಿಳಿಯಲು ಷಿರ್ಮರ್ ಅನ್ನೋ ಪರೀಕ್ಷೆ ಇದೆ. ಕೆಳರೆಪ್ಪೆಗೆ ಕಾಗದದ ಸಣ್ಣ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಡುತ್ತಾರೆ. ಒದ್ದೆಯಾದ ಉದ್ದ 5 ಮಿಲಿಮೀಟರ್ ಕೂಡ ಇಲ್ಲದಿದ್ದರೆ ಕಣ್ಣು ಚೆನ್ನಾಗಿಯೇ ಒಣಗಿದೆ ಅಂತ ಅರ್ಥ. ಕಾಗದದ ಪಟ್ಟಿ, ಅಷ್ಟೇ! ಅದನ್ನೂ ನನಗೆ ಮಾಡಿರಲಿಲ್ಲ.

ಇನ್ನು ಆಪರೇಷನ್‌ಗೆ ಮುಂಚೆ ಕಾರ್ನಿಯಾ ಅಳೆಯುವ ವಿಷಯ. ಲೆನ್ಸ್ ಕೂತೂ ಕೂತೂ ಕಾರ್ನಿಯಾದ ಆಕಾರ ಸ್ವಲ್ಪ ಬದಲಾಗಿರುತ್ತದೆ. ಮೆತ್ತನೆ ಲೆನ್ಸ್ ಆದರೆ ಒಂದೆರಡು ವಾರ, ಗಟ್ಟಿ ಲೆನ್ಸ್ ಆದರೆ ಇನ್ನೂ ಜಾಸ್ತಿ ದಿನ ಬಿಟ್ಟು ಅಳೆಯಬೇಕು. ನನ್ನ ಲೆನ್ಸ್ ತೆಗೆಸಿ ಅವತ್ತೇ ಅಳೆದರು.

"ದಪ್ಪ ಚೆನ್ನಾಗಿದೆ" ಅಂದರೆ ಒಪ್ಪಬೇಡಿ, ಎಷ್ಟು ಅಂತ ಕೇಳಿ. ಸಾಮಾನ್ಯವಾಗಿ 540 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ಆಸುಪಾಸು ಇರುತ್ತದೆ. ಫ್ಲ್ಯಾಪ್‌ನ ದಪ್ಪ, ಪವರ್ ಸರಿಮಾಡಲು ಲೇಸರ್ ಸವೆಸುವ ದಪ್ಪ ಎರಡನ್ನೂ ಕಳೆದು ಕೆಳಗೆ ಕನಿಷ್ಠ 250 ಮೈಕ್ರಾನ್ ಉಳಿಯಬೇಕು. ಕಾರ್ನಿಯಾದ ಆಕಾರ ತೋರಿಸುವ ನಕ್ಷೆ, ಅಂದರೆ ಟೊಪೊಗ್ರಫಿ ಪ್ರಿಂಟ್ ಕೂಡ ಇಸಕೊಳ್ಳಿ. ಕಾರ್ನಿಯಾ ಕೋನಿನಂತೆ ಉಬ್ಬುವ ಕೆರಟೊಕೋನಸ್‌ನ ಸುಳಿವಿದ್ದರೆ ಅದರಲ್ಲಿ ಕಾಣುತ್ತದೆ. ಅಂಥ ಕಣ್ಣಿಗೆ ಲೇಸಿಕ್ ಮಾಡಲೇಬಾರದು.

ಅಂದ ಹಾಗೆ, 40 ದಾಟಿದ ಮೇಲೆ ಓದುವ ಕನ್ನಡಕ ಹೇಗಿದ್ದರೂ ಬರುತ್ತದೆ, ಲೇಸಿಕ್ ಅದನ್ನು ತಡೆಯಲ್ಲ. ಈ ವಿಷಯವನ್ನೂ ಕೌನ್ಸೆಲರ್ ಎತ್ತಲಿಲ್ಲ.