ಮೂರನೆಯ ಸಿಲಿಂಡರಿನ ಗುಟ್ಟು ಹೊರಗೆಡವಿದ ಕಂಪ್ರೆಷನ್ ಗೇಜ್

ಕಾರು ಐಡ್ಲಿಂಗ್‌ನಲ್ಲಿ ಮಿಸ್ಸಿಂಗ್ ಹೊಡೆಯತೊಡಗಿದಾಗ ಮೊದಲು ನಾಲ್ಕೂ ಪ್ಲಗ್ ಬದಲಿಸಿದೆ. ಪ್ರಯೋಜನವಾಗಲಿಲ್ಲ. ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ ಕೊಡುವ ಕಾಯಿಲ್‌ಗಳನ್ನು ಅದಲುಬದಲು ಮಾಡಿದರೂ ಸ್ಕ್ಯಾನರ್ ಹಟ ಹಿಡಿದಂತೆ ಪಿ0303 (ಮೂರನೆಯ ಸಿಲಿಂಡರಿನ ಮಿಸ್ಸಿಂಗ್‌ನ ಸಂಕೇತ) ಎಂದೇ ತೋರಿಸಿತು. ಅಂದರೆ ದೋಷವಿದ್ದದ್ದು ಕಾಯಿಲ್‌ನಲ್ಲಲ್ಲ, ಮೂರನೆಯ ಸಿಲಿಂಡರಿನಲ್ಲೇ. ವೇಗ ಹಿಡಿದರೆ ನಡುಕ ಅಡಗುತ್ತಿತ್ತು, ಆ ನೆಪದಲ್ಲಿ ಇನ್ನೂ ಮೂರು ವಾರ ಓಡಿಸಿದೆ. ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ ಎಂದು ಗೊತ್ತಿದ್ದೂ ಓಡಿಸಿದೆ. ಕೊನೆಗೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಈ ಕಂಪ್ರೆಷನ್ ಗೇಜ್ ತರಿಸಿದೆ.

ಇದು ಪ್ಲಗ್ ಜಾಗಕ್ಕೆ ತಿರುಗಿಸಿ ಕೂರಿಸುವ ಬಗೆ. ಕೈಯಿಂದ ಒತ್ತಿ ಹಿಡಿಯುವ ರಬ್ಬರ್ ಮೂತಿಯ ಗೇಜ್ ಆಳದ ಪ್ಲಗ್ ಗುಂಡಿಗಳಿಗೆ ಸರಿಹೋಗುವುದಿಲ್ಲ. ಇಂಜಿನ್ ಬಿಸಿ ಮಾಡಿ, ಎಲ್ಲ ಪ್ಲಗ್ ಕಳಚಿ, ಇಂಧನ ಪಂಪಿನ ಫ್ಯೂಸ್ ತೆಗೆದು, ಕಾಯಿಲ್‌ಗಳ ಸಂಪರ್ಕ ಬಿಡಿಸಿದೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದೆ. ಒಂದನೆಯ ಸಿಲಿಂಡರಿನ ಒತ್ತಡ 165 ಪಿಎಸ್‌ಐ (ಒತ್ತಡದ ಅಳತೆ), ಎರಡನೆಯದು 160, ನಾಲ್ಕನೆಯದು 165. ಮೂರನೆಯದರ ಮುಳ್ಳು ತೆವಳುತ್ತಾ 70ಕ್ಕೆ ಬಂದು ನಿಂತಿತು. ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದೆ. ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದ್ದರೆ ಆಯಿಲ್ ಆ ಸಂದು ಮುಚ್ಚಿ ಒತ್ತಡ ಏರಬೇಕಿತ್ತು. 70ರಿಂದ ಅಲುಗಲಿಲ್ಲ.

ಗೇಜ್ ಹೇಳುವುದು ಇಷ್ಟೇ. ಸೋರುವುದು ಇನ್‌ಲೆಟ್ ವಾಲ್ವೋ ಎಕ್ಸಾಸ್ಟ್ ವಾಲ್ವೋ ಹೆಡ್ ಗ್ಯಾಸ್ಕೆಟ್ಟೋ (ಇಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್‌ನ ಕೆಳಗಿನ ಸೀಲು) ಎಂದು ಹೇಳಲು ಅದಕ್ಕೆ ಬಾಯಿಲ್ಲ. ನಾನು ಸಿಲಿಂಡರಿಗೆ ಪಂಪಿನಿಂದ ಗಾಳಿ ತುಂಬಿಸಿ (ಎರಡೂ ವಾಲ್ವ್ ಮುಚ್ಚಿರುವ ಸ್ಥಿತಿಯಲ್ಲಿ, ಇದನ್ನು ಮರೆಯಬೇಡಿ) ಸೈಲೆನ್ಸರಿನ ಬಾಯಿಗೆ ಕಿವಿಯಿಟ್ಟೆ. ಬುಸ್ ಎನ್ನುತ್ತಿತ್ತು, ಅಂದರೆ ಸೋರುತ್ತಿದ್ದದ್ದು ಎಕ್ಸಾಸ್ಟ್ ವಾಲ್ವ್. ಹೆಡ್ ಇಳಿಸಿದಾಗ ಎಕ್ಸಾಸ್ಟ್ ವಾಲ್ವಿನ ಅಂಚು ಇಲಿ ಕಡಿದ ಕಾಗದದಂತೆ ಕಾಣಿಸಿತು. ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ಕಡಿಮೆಯಾಗಿ ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ. ವಾಲ್ವ್ ತಾನು ಕೂರುವ ಅಂಚಿಗೆ, ಅಂದರೆ ಸೀಟಿಗೆ, ತಾಗಿ ಕೂತಾಗಲೇ ಅದರ ಬಿಸಿ ಇಳಿಯುವುದು. ತಾಗದಿದ್ದರೆ ಸುಡದೆ ಇನ್ನೇನಾದೀತು? ಇನ್ನಷ್ಟು ದಿನ ಓಡಿಸಿದ್ದರೆ ತುಂಡು ಕಳಚಿ ಪಿಸ್ಟನ್ ಮೇಲೆ ಬೀಳುವ ಅಪಾಯವಿತ್ತು.

ಐದಕ್ಕೆ ನಾಲ್ಕು ಅಂಕ. ಡಯಲ್ ಸ್ಪಷ್ಟವಾಗಿದೆ, ಮುಳ್ಳು ಕೊನೆಯ ಅಳತೆಯಲ್ಲೇ ನಿಲ್ಲುತ್ತದೆ, ಗಾಳಿ ಬಿಡುವ ಗುಂಡಿ ಮಾತ್ರ ಸ್ವಲ್ಪ ಬಿಗಿ. ಒಂದು ಅಂಕ ಕಳೆದದ್ದು ಗೇಜಿನ ಕೊಳವೆಯನ್ನು ಪ್ಲಗ್ ಜಾಗಕ್ಕೆ ಜೋಡಿಸುವ ಅಡಾಪ್ಟರಿಗಾಗಿ: ಕೊಳವೆ ಬಿಚ್ಚುವಾಗ ಅದು ಕೊಳವೆಯ ಜೊತೆ ಬರದೆ ಪ್ಲಗ್ ಗುಂಡಿಯ ತಳದಲ್ಲೇ ಉಳಿದುಬಿಟ್ಟಿತು. ಅದನ್ನು ಮೇಲೆತ್ತಲು ಅರ್ಧ ಗಂಟೆ ಬೇಕಾಯಿತು, ಅಷ್ಟರಲ್ಲಿ ಇಂಜಿನ್ ತಣ್ಣಗಾಗಿತ್ತು.