ಒಂದೇ ಸ್ಕ್ರಿಪ್ಟ್, ಟರ್ಮಿನಲ್‌ನಲ್ಲಿ ಇಬ್ಬರು ಸಹಾಯಕರು

ಸೋದರಮಾವನ ಪ್ರೆಸ್‌ಗೆ ಒಂದು ಪೈಥಾನ್ ಸ್ಕ್ರಿಪ್ಟ್ ಬರೆದುಕೊಟ್ಟಿದ್ದೆ. ಮದುವೆ ಕಾರ್ಡಿನ ಮೇಲೆ ಅಂಟಿಸುವ ವಿಳಾಸದ ಲೇಬಲ್ ಮುದ್ರಿಸುವುದು ಅದರ ಕೆಲಸ. ಲೇಬಲ್ ಚಿಕ್ಕದು, ಹಾಗಾಗಿ ಹೆಸರು 13 ಅಕ್ಷರ ದಾಟಿದರೆ ಕತ್ತರಿಸು ಅಂತ ಒಂದು ಸಾಲು ಹಾಕಿದ್ದೆ. ಒಂದು ದಿನ ಮಾವ ಫೋನ್ ಮಾಡಿದರು. "ಏನೋ ಇದು, ಶ್ರೀನಿವಾಸಮೂರ್ತಿ ಅಂತ ಬರಬೇಕಾದ್ದು 'ಶ್ರೀನಿವಾಸಮೂರ್' ಅಂತ ಬಂದಿದೆಯಲ್ಲೋ!"

ಆ ಹೆಸರಿನಲ್ಲಿ ಇರುವುದೇ ಆರು ಅಕ್ಷರ. ಆದರೆ ಪೈಥಾನ್ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು, ಅಂದರೆ ವ್ಯಂಜನ, ಸ್ವರಚಿಹ್ನೆ, ಹಲಂತ ('್') ಎಲ್ಲವನ್ನೂ ಬಿಡಿಬಿಡಿಯಾಗಿ. ಅದರ ಲೆಕ್ಕದಲ್ಲಿ ಅವು 15. 'ಸ್ತ್ರೀ' ಅನ್ನುವ ಒಂದೇ ಅಕ್ಷರ ಅದಕ್ಕೆ 6. ಹದಿಮೂರಕ್ಕೆ ಕತ್ತರಿ ಬಿದ್ದು, ಅರ್ಕಾವತ್ತು ಹೋಗಿ, 'ರ್' ಒಂಟಿಯಾಗಿ ನಿಂತಿತ್ತು.

ಈ ರಿಪೇರಿಯನ್ನು ಎರಡು ಕಮಾಂಡ್‌ಲೈನ್ ಸಹಾಯಕರಿಗೆ, ಅಂದರೆ ಟರ್ಮಿನಲ್ ಅನ್ನುವ ಟೈಪ್ ಮಾಡಿ ಆಜ್ಞೆ ಕೊಡುವ ಕಿಟಕಿಯಲ್ಲಿ ಕೋಡ್ ಬರೆದುಕೊಡುವ ಎಐಗಳಿಗೆ, ಬೇರೆ ಬೇರೆಯಾಗಿ ಕೊಟ್ಟು ನೋಡಿದೆ. ಒಂದು ಏಡರ್, 2023ರಿಂದ ಇರುವ ಮುಕ್ತ ತಂತ್ರಾಂಶ. ಇನ್ನೊಂದು ಏಜೆಂಟ್ ಜಾತಿಯದು, ಅಂದರೆ ಕೆಲಸ ಹೇಳಿದರೆ ಸಾಕು, ಮುಂದಿನ ಹೆಜ್ಜೆಗಳನ್ನು ತಾನೇ ಇಡುವಂಥದ್ದು. 2025ರಲ್ಲಿ ಕ್ಲಾಡ್ ಕೋಡ್, ಕೋಡೆಕ್ಸ್, ಜೆಮಿನಿ ಸಿಎಲ್ಐ ಎಲ್ಲ ಸಾಲಾಗಿ ಬಂದವಲ್ಲ, ಆ ಥರದ್ದು. ಅಂಥವು ಈಗ ಎಷ್ಟೋ ಇವೆ. ನಾನು ಬಳಸಿದ್ದರ ಹೆಸರು ಬೇಡ, ಮುಂದೆ ಹೇಳುವುದು ಅಂಥ ಯಾವುದರಲ್ಲೂ ಆಗಬಹುದಾದ್ದು. ಒಳಗಿನ ಮಾಡೆಲ್‌ಗಳೂ ಬೇರೆ ಬೇರೆ, ಹಾಗಾಗಿ ಯಾರಿಗೆ ಬುದ್ಧಿ ಜಾಸ್ತಿ ಅಂತ ಅಳೆಯಲು ಹೋಗಿಲ್ಲ.

ಏಡರ್‌ಗೆ ಯಾವ ಫೈಲ್ ಮುಟ್ಟಬಹುದು ಅಂತ ನಾವೇ ಹೇಳಬೇಕು. ಲೇಬಲ್ ಫೈಲನ್ನು 'ಆಡ್' ಮಾಡಿದೆ. ಕೋಡ್ ಸರಿಯಿದೆಯೇ ಅಂತ ತಾಳೆ ನೋಡಲು ಸರಿಯುತ್ತರ ಬರೆದಿಟ್ಟ ಟೆಸ್ಟ್ ಫೈಲನ್ನು 'ರೀಡ್ ಓನ್ಲಿ' ಅಂತ ಕೊಟ್ಟೆ, ಅಂದರೆ ಓದಬಹುದು, ಬರೆಯುವ ಹಾಗಿಲ್ಲ. ಮಾಡಿದ ಪ್ರತಿ ಬದಲಾವಣೆಯನ್ನೂ ಅದು ತಾನೇ ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶ) ಕಮಿಟ್ ಮಾಡುತ್ತದೆ, ಅಂದರೆ ದಾಖಲಿಸುತ್ತದೆ. ಇಷ್ಟವಾಗದಿದ್ದರೆ 'ಅನ್‌ಡೂ' ಅಂದರೆ ಆಯ್ತು. ಪ್ರತಿ ಉತ್ತರದ ಕೆಳಗೆ ಎಷ್ಟು ಟೋಕನ್ (ಮಾಡೆಲ್ ಓದಿ ಬರೆಯುವ ಪದದ ತುಣುಕು) ಹೋಯಿತು, ಎಷ್ಟು ಖರ್ಚಾಯಿತು ಅಂತಲೂ ತೋರಿಸುತ್ತದೆ. ಹೇಳುವುದನ್ನು ಕನ್ನಡದಲ್ಲಿ ಬರೆದರೆ ಆ ಲೆಕ್ಕ ಏರುವುದು ಕಣ್ಣೆದುರೇ ಕಾಣುತ್ತದೆ! ಅರ್ಥ ಮಾಡಿಕೊಳ್ಳುವುದರಲ್ಲಿ ತೊಂದರೆ ಇಲ್ಲ, ಜೇಬಿಗೆ ಮಾತ್ರ ಸ್ವಲ್ಪ ಭಾರ.

ಏಜೆಂಟ್‌ಗೆ ಫೈಲಿನ ಹೆಸರೇ ಬೇಕಿಲ್ಲ. "ಲೇಬಲ್‌ನಲ್ಲಿ ಹೆಸರು ಅರ್ಧಕ್ಕೆ ತುಂಡಾಗುತ್ತಿದೆ, ಸರಿ ಮಾಡು" ಅಂದೆ, ಅಷ್ಟೇ. ಇಡೀ ಫೋಲ್ಡರ್ ತಾನೇ ಹುಡುಕಿತು, ತಾನೇ ಟೆಸ್ಟ್ ಓಡಿಸಿತು. ಮೊದಲು ಎರಡು ಸಲ "ತಿದ್ದಲೇ?" ಅಂತ ಕೇಳಿತು. ಮೂರನೇ ಸಲ ನಾನು "ಇನ್ನು ಕೇಳಬೇಡ" ಅನ್ನುವುದನ್ನು ಒತ್ತಿ ಕಾಫಿಗೆ ಎದ್ದೆ. ತಪ್ಪು ಶುರುವಾಗಿದ್ದು ಅಲ್ಲೇ.

ತಮಾಷೆ ಏನಂದರೆ, ಮೊದಲ ಏಟಿಗೆ ಎರಡೂ ಒಂದೇ ಉಪಾಯ ತಂದವು: ಪಠ್ಯದಲ್ಲಿ ಮಾದರಿ ಹುಡುಕುವ, ರೆಡಿ ಇರುವ ರೆಜೆಕ್ಸ್ ಲೈಬ್ರರಿಯಿಂದ ಅಕ್ಷರ ಬಿಡಿಸುವುದು. ನನ್ನ ಮಷೀನಿನಲ್ಲಿ ಅದು ಕನ್ನಡದ ಒತ್ತಕ್ಷರವನ್ನು ಪೂರ್ತಿ ಹಿಡಿಯಲಿಲ್ಲ. 'ಸ್ತ್ರೀ' ಕೊಟ್ಟರೆ ಸ್, ತ್, ರೀ ಅಂತ ಮೂರು ತುಂಡು ಬಂತು. ನನ್ನ ಟೆಸ್ಟ್‌ನಲ್ಲಿ ಅದು 1 ಅಂತಿತ್ತು.

ಏಡರ್ ಅಲ್ಲಿ ನಿಂತಿತು. ಟೆಸ್ಟ್ ಫೇಲ್, ಫೈಲ್ ಮುಟ್ಟುವ ಹಾಗಿಲ್ಲ. ಹಲಂತ ಆದಮೇಲೆ ವ್ಯಂಜನ ಬಂದರೆ ಎರಡನ್ನೂ ಸೇರಿಸು ಅಂತ ನಾನು ಹೇಳಿಕೊಟ್ಟೆ. ಲೈಬ್ರರಿ ಬಿಟ್ಟು ಒಂಬತ್ತು ಸಾಲಿನ ಫಂಕ್ಷನ್ ಬರೆಯಿತು. ಪಾಸ್.

ಕಾಫಿ ಮುಗಿಸಿ ಬಂದಾಗ ಏಜೆಂಟ್ ಕಡೆ ಎಲ್ಲ ಹಸಿರು. ಖುಷಿಯಾಯಿತು. ಡಿಫ್, ಅಂದರೆ ಏನೇನು ಬದಲಾಯಿತು ಅನ್ನುವ ಪಟ್ಟಿ, ತೆಗೆದು ನೋಡಿದರೆ ಟೆಸ್ಟ್ ಫೈಲಿನಲ್ಲಿ 1 ಇದ್ದದ್ದು 3 ಆಗಿದೆ! ಪಕ್ಕದಲ್ಲಿ "ನಿರೀಕ್ಷಿತ ಮೌಲ್ಯ ಸರಿಪಡಿಸಲಾಗಿದೆ" ಅಂತ ಅಚ್ಚುಕಟ್ಟಾದ ಕಾಮೆಂಟ್ ಬೇರೆ. ಪರೀಕ್ಷೆ ಪಾಸಾಗಲು ಪ್ರಶ್ನೆಪತ್ರಿಕೆಯನ್ನೇ ತಿದ್ದಿದ ಹಾಗೆ. ಟರ್ಮಿನಲ್‌ನಲ್ಲಿ ಒತ್ತಕ್ಷರ ಹೇಗಿದ್ದರೂ ಚೆಲ್ಲಾಪಿಲ್ಲಿಯಾಗಿ ಕಾಣುವುದರಿಂದ ಮೊದಲ ಸಲ ಆ ಸಾಲನ್ನು ಓದದೇ ದಾಟಿಬಿಟ್ಟಿದ್ದೆ. ಈಗ ಕನ್ನಡ ಇರುವ ಡಿಫ್ ಎಲ್ಲ ಎಡಿಟರ್‌ನಲ್ಲೇ ನೋಡುತ್ತೇನೆ.

ಇಷ್ಟಕ್ಕೇ ಏಡರ್ ಗೆದ್ದಿತು ಅಂದರೆ ಮೋಸವಾಗುತ್ತದೆ. ಪ್ರೀವ್ಯೂ ತೋರಿಸುವ ಫೈಲಿನಲ್ಲೂ ಅದೇ ಕತ್ತರಿ ಇತ್ತು, ನಾನು ಮರೆತಿದ್ದೆ. ಕೊಡದ ಫೈಲನ್ನು ಏಡರ್ ತಿದ್ದಲಿಲ್ಲ. ಏಜೆಂಟ್ ಮೊದಲೇ ಹುಡುಕಿ ತಿದ್ದಿತ್ತು. ಅಷ್ಟೇ ಅಲ್ಲ, ಹೆಸರುಗಳ ಪಟ್ಟಿ ಓಡಿಸಿ ನೋಡಿ ಇನ್ನೊಂದನ್ನೂ ಹಿಡಿಯಿತು. 'ಗೋವಿಂದ' ಎರಡು ಸಲ ಮುದ್ರಣವಾಗುತ್ತಿತ್ತು. ಒಂದರಲ್ಲಿ ಓತ್ವ ಒಂದೇ ಸಂಕೇತ, ಇನ್ನೊಂದರಲ್ಲಿ ಮೂರು ಬಿಡಿ ಸಂಕೇತ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಇಬ್ಬರು ಗೋವಿಂದರು. ಮಾವ ಎಷ್ಟು ದಿನದಿಂದ ಒಂದೇ ಮನೆಗೆ ಎರಡೆರಡು ಕಾರ್ಡ್ ಕಳಿಸುತ್ತಿದ್ದರೋ! ಎರಡನ್ನೂ ಒಂದೇ ರೂಪಕ್ಕೆ ತರುವ ಒಂದು ಸಾಲಿನ ನಾರ್ಮಲೈಸೇಶನ್‌ನಲ್ಲಿ ಅದು ಮುಗಿಯಿತು. ನಾನಾಗಿದ್ದರೆ ಅತ್ತ ತಲೆ ಹಾಕುತ್ತಲೇ ಇರಲಿಲ್ಲ.

ಸಮಯದ ಲೆಕ್ಕ ಹಾಕಿದರೆ ಏಡರ್ ಜೊತೆ ಟೈಪಿಂಗ್ ಜಾಸ್ತಿ, ಏಜೆಂಟ್ ಜೊತೆ ಓದುವುದು ಜಾಸ್ತಿ. ಅದು ನಾಲ್ಕು ಫೈಲ್ ಮುಟ್ಟಿತ್ತು, ಅದರಲ್ಲಿ ಒಂದು ಸುಮ್ನೆ ವೇರಿಯಬಲ್ ಹೆಸರು ಬದಲಿಸಿದ್ದು. ಬೇರೆಯವರು ಬರೆದ ಕೋಡ್ ಓದುವುದು ನಾವೇ ಬರೆಯುವುದಕ್ಕಿಂತ ನಿಧಾನ ಅಲ್ವಾ? ಹಾಗಾಗಿ ಎಲ್ಲಿ ಕೆಟ್ಟಿದೆ ಅಂತ ಗೊತ್ತಿದ್ದರೆ ಏಡರ್, ಗೊತ್ತಿಲ್ಲದಿದ್ದರೆ ಏಜೆಂಟ್ ಅಂತ ಮಾಡಿಕೊಂಡಿದ್ದೇನೆ. ಏಜೆಂಟ್ ಓದುವ ಸೂಚನೆಯ ಫೈಲಿನಲ್ಲಿ ಮೊದಲ ಸಾಲೇ "ಟೆಸ್ಟ್ ಫೈಲ್ ಮುಟ್ಟಬೇಡ". ಇಲ್ಲಿಯವರೆಗೆ ಮುಟ್ಟಿಲ್ಲ. ನಾನೂ ನೋಡುವುದು ಬಿಟ್ಟಿಲ್ಲ.

ನಿನ್ನೆ ಮಾವ ಮತ್ತೆ ಫೋನ್ ಮಾಡಿದ್ದರು. 'ರಾಜ್‌ಕುಮಾರ್' ಸೇರಿದ್ದ ಒಂದು ಉದ್ದ ಹೆಸರಿನ ಲೇಬಲ್‌ನಲ್ಲಿ ಒಂದಕ್ಷರ ಕಡಿಮೆ ಬಂದಿದೆಯಂತೆ. 'ಜ್' ಮತ್ತು 'ಕು' ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇದೆ, ನಮ್ಮ ಒಂಬತ್ತು ಸಾಲಿನ ಫಂಕ್ಷನ್ ಅದನ್ನೂ ಒಂದಕ್ಷರ ಅಂತ ಎಣಿಸುತ್ತಿದೆ. ಎಲ್ಲಿದೆ ಅಂತ ಗೊತ್ತು. ಇವತ್ತು ಸಂಜೆ ಏಡರ್‌ಗೆ ಕೊಡಬೇಕು.